ಮರಣಶಾಸನವೂ ವಕೀಲರೂ

ಉಯಿಲಿನ ಮಾತನ್ನು ಎತ್ತುವುದೇ ಅಶುಭವೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಯಜಮಾನರು ಗಟ್ಟಿಮುಟ್ಟಾಗಿರುವಾಗ ಅದನ್ನು ಕುರಿತು ಕೇಳಿದರೆ ಅವರ ಮರಣವನ್ನೇ ಬಯಸಿದಂತಾದೀತೆಂದು ಮಕ್ಕಳು ಸುಮ್ಮನಿರುತ್ತಾರೆ. ಇನ್ನೂ ಕಾಲವುಂಟಲ್ಲ ಎಂದು ಯಜಮಾನರೂ ಸುಮ್ಮನಿರುತ್ತಾರೆ. ಕಡೆಗೆ ಹಾಸಿಗೆ ಹಿಡಿದ ಮೇಲೆ, ಔಷಧದ ಸೀಸೆಗಳ ನಡುವೆ, ಯಾರೋ ಒಬ್ಬರು ಬರೆದು ತಂದ ಕಾಗದಕ್ಕೆ ನಡುಗುವ ಕೈಯಿಂದ ರುಜು ಬೀಳುತ್ತದೆ. ವೈಕುಂಠ ಸಮಾರಾಧನೆ ಮುಗಿದು ನೆಂಟರು ಊರಿಗೆ ಹಿಂದಿರುಗುವಷ್ಟರಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ವಕೀಲರ ಮನೆಯ ಜಗಲಿಯ ಮೇಲೆ ಕುಳಿತಿರುತ್ತಾರೆ.

ಅಲ್ಲಿಂದ ಮುಂದೆ ನಡೆಯುವುದೇನು, ಅದರಲ್ಲಿ ವಕೀಲರ ಸ್ಥಾನವೇನು ಎಂಬುದನ್ನು ಗೃಹಸ್ಥರು ಮುಂಚಿತವಾಗಿಯೇ ತಿಳಿದಿರುವುದು ಮೇಲೆಂದು ನಮಗೆ ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ. ವಕೀಲರನ್ನು ಹಳಿಯುವ ಇಚ್ಛೆ ನಮಗಿಲ್ಲ. ಹಳಿಯುವವರೂ ಕಾಲ ಬಂದಾಗ ಅವರ ಬಾಗಿಲನ್ನೇ ತಟ್ಟಬೇಕಷ್ಟೆ. ಈ ವಕೀಲರು ಯಾರ ಪರವಾಗಿ ನಿಂತಿದ್ದಾರೆ? ಇವರ ಫೀಸು ಯಾರ ಗಂಟಿನಿಂದ ಹೋಗುತ್ತದೆ? ಈ ಎರಡು ಪ್ರಶ್ನೆಗಳನ್ನು ಮನೆಯವರು ಮೊದಲೇ ಕೇಳಿಕೊಳ್ಳದೆ ಇದ್ದುದರಿಂದ ಎಷ್ಟೋ ಮನೆತನಗಳ ಗದ್ದೆ ತೋಟಗಳು ಕರಗಿಹೋಗಿವೆ.

ಸಾಲದ ವ್ಯಾಜ್ಯದಲ್ಲಿ ಕೊಟ್ಟವನೂ ತೆಗೆದುಕೊಂಡವನೂ ಕೋರ್ಟಿನಲ್ಲಿ ನಿಂತು ತಮ್ಮ ತಮ್ಮ ಮಾತನ್ನು ಹೇಳುತ್ತಾರೆ. ಉಯಿಲಿನ ವ್ಯಾಜ್ಯದಲ್ಲಿಯಾದರೋ ಮುಖ್ಯ ಸಾಕ್ಷಿಯೇ ಇರುವುದಿಲ್ಲ. ಬರೆಸಿದವರು ತೀರಿಕೊಂಡಿದ್ದಾರೆ, ಇದು ನನ್ನ ಇಷ್ಟದಂತೆ ಬರೆದುದೆಂದಾಗಲಿ, ಅಲ್ಲವೆಂದಾಗಲಿ ಅವರು ಬಂದು ಹೇಳಲಾರರು. ಅವರ ಮನಸ್ಸು ಹೀಗಿತ್ತೆಂದು ಬದುಕಿರುವವರು ಹೇಳುತ್ತಾರೆ. ಬದುಕಿರುವವರ ಮಾತನ್ನು ವಕೀಲರು ಹೇಳುತ್ತಾರೆ. ಹೀಗೆ ಮೃತರ ಇಚ್ಛೆಯು ನ್ಯಾಯಾಧೀಶರ ಕಿವಿಯನ್ನು ಮುಟ್ಟುವುದರೊಳಗಾಗಿ ಎರಡು ಬಾಯಿಗಳನ್ನು ದಾಟಿರುತ್ತದೆ. ಇದನ್ನು ಪರೀಕ್ಷಿಸಿ, ಈ ಕಾಗದವೇ ಮೃತರ ಕಡೆಯ ಮರಣಶಾಸನವೆಂದು ಕೋರ್ಟು ಮೊಹರು ಹಾಕಿ ಕೊಡುವ ಪ್ರಮಾಣಪತ್ರಕ್ಕೆ ಪ್ರೊಬೇಟು ಎಂದು ಹೆಸರು. ಅದನ್ನು ಪಡೆಯತಕ್ಕವರು ಉಯಿಲಿನಲ್ಲಿಯೇ ಹೆಸರಿಸಲ್ಪಟ್ಟ ನಿರ್ವಾಹಕರು, ಎಂದರೆ ಎಕ್ಸಿಕ್ಯೂಟರು. ನಿರ್ವಾಹಕರನ್ನು ಹೆಸರಿಸದೆ ಉಯಿಲು ಬರೆದಿದ್ದರೆ ಪ್ರೊಬೇಟಿನ ಬದಲು ಆಡಳಿತದ ಅಧಿಕಾರಪತ್ರವನ್ನು ಕೋರ್ಟು ಕೊಡುತ್ತದೆ.

ಈ ಪದ್ಧತಿಯು ನಮಗೆ ಇಂಗ್ಲೆಂಡಿನಿಂದ ಬಂದುದು. ಅಲ್ಲಿಯ ಸಾಮಾನ್ಯ ನ್ಯಾಯಸ್ಥಾನಗಳು ಪೂರ್ವಕಾಲದಲ್ಲಿ ಕಟ್ಟಳೆಯ ಅಕ್ಷರವನ್ನೇ ಹಿಡಿದು ತೀರ್ಪು ಕೊಡುತ್ತಿದ್ದುವು. ಅಕ್ಷರದಿಂದ ಅನ್ಯಾಯವಾಯಿತೆಂದು ಮೊರೆಯಿಟ್ಟವರ ಮಾತನ್ನು ರಾಜನ ಪರವಾಗಿ ಚಾನ್ಸೆಲರನೆಂಬ ಅಧಿಕಾರಿಯು ಕೇಳಿ, ಧರ್ಮಬುದ್ಧಿಗೆ ಒಪ್ಪುವಂತೆ ತೀರ್ಮಾನ ಮಾಡುತ್ತಿದ್ದನು. ಈ ಕ್ರಮಕ್ಕೆ ಈಕ್ವಿಟಿ, ಎಂದರೆ ಸಮನ್ಯಾಯ, ಎಂದು ಹೆಸರಾಯಿತು. ಅದನ್ನು ನಡೆಸುವ ಸ್ಥಾನಕ್ಕೆ ಚಾನ್ಸರಿ ಕೋರ್ಟೆಂದು ಹೆಸರಾಯಿತು. ತಂದೆಯಿಲ್ಲದ ಮಕ್ಕಳ ಆಸ್ತಿ, ಇನ್ನೊಬ್ಬರ ಹಿತಕ್ಕಾಗಿ ನಂಬಿಗೆಯಿಂದ ಹಿಡಿದುಕೊಂಡಿರುವ ಸ್ವತ್ತು, ಮೃತರ ಸ್ವತ್ತಿನ ಹಂಚಿಕೆ ಇವೆಲ್ಲ ಅಲ್ಲಿಗೆ ಬರುತ್ತಿದ್ದುವು. ಆದರೆ ಉಯಿಲು ನಿಜವೋ ಅಲ್ಲವೋ ಎಂಬುದನ್ನು, ಅದರಲ್ಲಿಯೂ ಚರಾಸ್ತಿಯ ವಿಷಯದಲ್ಲಿ, ಗೊತ್ತುಮಾಡುವ ಅಧಿಕಾರ ಇಗರ್ಜಿಯ ನ್ಯಾಯಸ್ಥಾನಗಳಿಗಿತ್ತು. ಅಲ್ಲಿ ನಡೆಸುವ ವಕೀಲರೇ ಬೇರೆ. ಅವರಿಗೆ ಪ್ರಾಕ್ಟರುಗಳೆಂದು ಹೆಸರು. ಒಬ್ಬ ವಿಧವೆಯು ಗಂಡನ ಉಯಿಲನ್ನು ಒಂದು ಕಡೆ ಒಂದು ಬಗೆಯ ವಕೀಲರಿಂದ ಸಿದ್ಧಪಡಿಸಿ, ಇನ್ನೊಂದು ಕಡೆ ಇನ್ನೊಂದು ಬಗೆಯ ವಕೀಲರಿಂದ ಅದರ ಫಲವನ್ನು ಬೇಡಬೇಕಾಗಿತ್ತು.

ಧರ್ಮಬುದ್ಧಿಯಿಂದ ಹುಟ್ಟಿದ ಆ ಚಾನ್ಸರಿಯು ಕಾಲಕ್ರಮದಲ್ಲಿ ಏನಾಯಿತೆಂಬುದಕ್ಕೆ ಥೆಲ್ಲುಸನ್ ಎಂಬ ವರ್ತಕನ ಉಯಿಲು ಸಾಕ್ಷಿ. ಪೀಟರ್ ಥೆಲ್ಲುಸನ್ ೧೭೯೭ರಲ್ಲಿ ತೀರಿಕೊಂಡನು. ಅವನು ಬಿಟ್ಟುಹೋದ ಸ್ವತ್ತು ಆ ಕಾಲಕ್ಕೆ ಸುಮಾರು ಆರು ಲಕ್ಷ ಪೌಂಡು. ಹೆಂಡತಿ ಮಕ್ಕಳಿಗೆ ಸ್ವಲ್ಪ ಭಾಗವನ್ನು ಕೊಟ್ಟು, ಉಳಿದುದನ್ನು ಆಗ ಬದುಕಿದ್ದ ಮಕ್ಕಳು ಮೊಮ್ಮಕ್ಕಳ ಆಯುಸ್ಸು ಮುಗಿಯುವ ವರೆಗೆ ಯಾರೂ ಮುಟ್ಟಕೂಡದು, ಬಡ್ಡಿಯು ಅಸಲಿಗೆ ಸೇರುತ್ತ ಬೆಳೆಯಬೇಕು, ಆಮೇಲೆ ವಂಶದ ಮುಂದಿನವರಿಗೆ ಹೋಗಬೇಕು ಎಂದು ಅವನು ಬರೆದಿಟ್ಟಿದ್ದನು. ಇಷ್ಟು ದ್ರವ್ಯ ಒಂದೇ ಕಡೆ ಬೆಳೆದರೆ ದೇಶಕ್ಕೇ ಅಪಾಯವೆಂದು ಹೆದರಿ, ಇಂಥ ಕೂಡಿಕೆಗೆ ಮಿತಿ ಹಾಕುವ ಕಾಯಿದೆಯನ್ನು ಪಾರ್ಲಿಮೆಂಟು ೧೮೦೦ರಲ್ಲಿ ಮಾಡಿತು. ಹೆದರಿಕೆಗೆ ಕಾರಣವಿರಲಿಲ್ಲ. ಮಕ್ಕಳು ವ್ಯಾಜ್ಯ ಹೂಡಿದರು. ವ್ಯಾಜ್ಯವು ೧೮೫೯ರ ವರೆಗೆ ನಡೆಯಿತು. ಕಡೆಗೆ ಹಂಚಲು ಉಳಿದುದು ಮೊದಲಿದ್ದ ಮೊತ್ತಕ್ಕಿಂತ ಹೆಚ್ಚಾಗಿರಲಿಲ್ಲ. ಅರವತ್ತು ವರ್ಷಗಳ ಬೆಳೆಯನ್ನು ಕೋರ್ಟಿನ ವೆಚ್ಚವೂ ಆಡಳಿತದ ವೆಚ್ಚವೂ ಮೇಯ್ದುಬಿಟ್ಟಿದ್ದುವು.

ಇದು ಹೇಗಾಯಿತು? ಅಲ್ಲಿಯ ವಕೀಲರೆಲ್ಲರೂ ಧೂರ್ತರಾಗಿದ್ದರೆಂದು ತಿಳಿಯುವುದು ಸುಲಭವಾದರೂ ಸರಿಯಲ್ಲ. ಮೃತರ ಆಸ್ತಿಯ ವ್ಯಾಜ್ಯಗಳಲ್ಲಿ ಎಲ್ಲ ಪಕ್ಷಗಳ ಖರ್ಚನ್ನೂ ಆ ಆಸ್ತಿಯಿಂದಲೇ ಕೊಡಿಸುವ ವಾಡಿಕೆ ಇದ್ದುದೇ ದೊಡ್ಡ ಕಾರಣ. ತನ್ನ ಸ್ವಂತ ಥೈಲಿಯಿಂದ ಹಣ ಹೋಗದಿದ್ದಾಗ ಸಂಧಿಯನ್ನು ಯಾರು ಬಯಸುತ್ತಾರೆ? ಸೋತವನಿಗೂ ನಷ್ಟವಿಲ್ಲ, ಗೆದ್ದವನಿಗೂ ಆತುರವಿಲ್ಲ. ಇದಲ್ಲದೆ ಕಕ್ಷಿಗಾರರು ತಮ್ಮ ವಕೀಲರ ಜೊತೆಗೆ ಆರು ಗುಮಾಸ್ತರ ಕಚೇರಿಯೆಂಬ ಸ್ಥಾನದ ಮೂಲಕವೇ ಕಾಗದಗಳನ್ನು ನಡೆಸಿ, ನಕಲುಗಳಿಗೆ ಪುಟದ ಲೆಕ್ಕದಲ್ಲಿ ಹಣ ತೆರಬೇಕಾಗಿತ್ತು. ಆ ಕಚೇರಿಯನ್ನು ೧೮೪೨ರಲ್ಲಿ ತೆಗೆದುಹಾಕಿದರು. ಚಾರ್ಲ್ಸ್ ಡಿಕನ್ಸ್ ತನ್ನ ಕ್ರಿಸ್‌ಮಸ್ ಕಥೆಯನ್ನು ಕದ್ದು ಅಚ್ಚುಹಾಕಿದವರ ಮೇಲೆ ೧೮೪೪ರಲ್ಲಿ ಚಾನ್ಸರಿಯಲ್ಲಿ ದಾವಾ ಹೂಡಿ ಗೆದ್ದನು, ಎದುರಾಳಿಗಳು ದಿವಾಳಿಯೆತ್ತಿದರು, ಖರ್ಚನ್ನು ಗೆದ್ದವನೇ ತೆತ್ತನು. ಎಂಟು ವರ್ಷಗಳ ಮೇಲೆ, ೧೮೫೨ರಲ್ಲಿ, ಅವನು ಪ್ರಕಟಿಸತೊಡಗಿದ ಬ್ಲೀಕ್ ಹೌಸ್ ಎಂಬ ಕಾದಂಬರಿಯಲ್ಲಿ ಒಂದು ಉಯಿಲಿನ ವ್ಯಾಜ್ಯವು ಆಸ್ತಿಯೆಲ್ಲ ಖರ್ಚಿಗೆ ಕರಗಿದ ದಿನ ತಾನಾಗಿಯೇ ನಿಂತುಹೋಗುತ್ತದೆ.

ಇಗರ್ಜಿಯ ಕೋರ್ಟುಗಳ ಅಧಿಕಾರವನ್ನು ೧೮೫೭ರ ಕಾಯಿದೆಯು ಪ್ರೊಬೇಟ್ ಕೋರ್ಟಿಗೆ ವಹಿಸಿತು. ೧೮೭೩ರ ಮತ್ತು ೧೮೭೫ರ ಕಾಯಿದೆಗಳು ಎಲ್ಲ ನ್ಯಾಯಸ್ಥಾನಗಳನ್ನೂ ಒಂದೇ ಹೈಕೋರ್ಟಿನಲ್ಲಿ ಸೇರಿಸಿದುವು. ಖರ್ಚಿನ ವಿಷಯದಲ್ಲಿಯೂ ಬುದ್ಧಿ ಬಂದಿತು. ೧೯೦೭ರಲ್ಲಿ ಸರ್ ಗೊರೆಲ್ ಬಾರ್ನ್ಸ್ ಎಂಬ ನ್ಯಾಯಾಧೀಶರು ಒಂದು ಉಯಿಲಿನ ಮೊಕದ್ದಮೆಯಲ್ಲಿ ಹೇಳಿದ ಕ್ರಮ ಈಗಲೂ ಅಲ್ಲಿ ಮಾನ್ಯವಾಗಿದೆ. ಸೋತವನೇ ಖರ್ಚು ತೆರಬೇಕೆಂಬುದು ಸಾಮಾನ್ಯ ವಿಧಿ. ಉಯಿಲನ್ನು ಬರೆದವರ ನಡತೆಯಿಂದಲೇ, ಎಂದರೆ ಗೊಂದಲವಾಗಿ ಬರೆದಿಟ್ಟುದರಿಂದಲೋ ಅಂಥ ಇನ್ನಾವ ಕಾರಣದಿಂದಲೋ, ವ್ಯಾಜ್ಯ ಹುಟ್ಟಿದ್ದರೆ ಖರ್ಚು ಆಸ್ತಿಯ ಮೇಲೆ ಬೀಳಬಹುದು. ವಿಚಾರಣೆ ಮಾಡಿಸಲು ಯುಕ್ತವಾದ ಕಾರಣವಿದ್ದು ಸೋತರೆ, ಸೋತವನು ಎದುರು ಪಕ್ಷದ ಖರ್ಚನ್ನು ತೆರದೆ ತನ್ನದನ್ನು ಮಾತ್ರ ತಾನು ನೋಡಿಕೊಂಡರೆ ಸಾಕು. ಸಂಶಯವುಳ್ಳ ಬಡ ದಾಯಾದಿಯು ಹೆದರಿ ಸುಮ್ಮನಿರಬಾರದು, ಹುರುಡಿಗೆ ವ್ಯಾಜ್ಯ ಹೂಡುವವನು ಇನ್ನೊಬ್ಬರ ಗಂಟಿನಲ್ಲಿ ಆಟವಾಡಬಾರದು. ಈ ಎರಡನ್ನೂ ಆ ಕ್ರಮವು ನೋಡಿಕೊಂಡಿದೆಯೆಂದು ನಮ್ಮ ಅಭಿಪ್ರಾಯ.

ನಮ್ಮ ದೇಶಕ್ಕೆ ಪ್ರೊಬೇಟು ಕಲ್ಕತ್ತ, ಮದರಾಸು, ಬೊಂಬಾಯಿ ನಗರಗಳ ಕೋರ್ಟುಗಳ ಮೂಲಕ ಕಾಲಿಟ್ಟಿತು. ೧೮೭೦ರ ಹಿಂದೂ ಉಯಿಲುಗಳ ಕಾಯಿದೆಯೂ ೧೮೮೧ರ ಪ್ರೊಬೇಟ್ ಕಾಯಿದೆಯೂ ಆಗಿ, ಎಲ್ಲವೂ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಸೇರಿದುವು. ಅಲ್ಲಿಯ ಮೊದಲ ದೊಡ್ಡ ವ್ಯಾಜ್ಯಗಳಲ್ಲಿ ಒಂದು, ವಿಚಿತ್ರವೆಂದರೆ, ಒಬ್ಬ ಪ್ರಸಿದ್ಧ ವಕೀಲರ ಉಯಿಲಿನಿಂದಲೇ ಹುಟ್ಟಿತು. ಕಲ್ಕತ್ತದ ಪ್ರಸನ್ನಕುಮಾರ ಠಾಕೂರರು ಸರ್ಕಾರದ ವಕೀಲರಾಗಿ ಅಪಾರ ದ್ರವ್ಯವನ್ನು ಸಂಪಾದಿಸಿ ೧೮೬೮ರಲ್ಲಿ ತೀರಿಕೊಂಡರು. ಕ್ರೈಸ್ತಮತವನ್ನು ಸ್ವೀಕರಿಸಿ ಬ್ಯಾರಿಸ್ಟರಾಗಿದ್ದ ಒಬ್ಬನೇ ಮಗ ಜ್ಞಾನೇಂದ್ರಮೋಹನರಿಗೆ ಉಯಿಲಿನಲ್ಲಿ ಏನನ್ನೂ ಇಡದೆ, ಆಸ್ತಿಯನ್ನು ಜತೀಂದ್ರಮೋಹನರಿಗೆ ಅವರ ಜೀವಿತಕಾಲಕ್ಕೂ, ಅನಂತರ ಇಂಗ್ಲಿಷರ ಜಮೀನ್ದಾರಿ ಪದ್ಧತಿಯಂತೆ ಇನ್ನೂ ಹುಟ್ಟದಿರುವ ಗಂಡುಸಂತಾನಕ್ಕೂ ಬರೆದಿಟ್ಟಿದ್ದರು. ಹುಟ್ಟದಿರುವವನಿಗೆ ದಾನವು ಹಿಂದೂ ಧರ್ಮಶಾಸ್ತ್ರದಂತೆ ಸಲ್ಲದೆಂದು ೧೮೭೨ರಲ್ಲಿ ಪ್ರೀವಿ ಕೌನ್ಸಿಲು ತೀರ್ಮಾನಿಸಿತು. ಜತೀಂದ್ರಮೋಹನರ ಕಾಲಾನಂತರದ ಹಕ್ಕು ಉಯಿಲಿನಿಂದ ಹೊರಗಾಗಿದ್ದ ಮಗನಿಗೇ ಸೇರಿತು. ಕಲ್ಕತ್ತದ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ಉಪನ್ಯಾಸಗಳಿಗಾಗಿ ದತ್ತಿಯನ್ನು ಇಟ್ಟುದೂ ಇದೇ ಉಯಿಲಿನಲ್ಲಿ. ಅಂಥ ಪಂಡಿತರ ಕಾಗದವೇ ಹೀಗಾದ ಮೇಲೆ, ನಾವು ಪಕ್ಕದ ಮನೆಯವರ ಉಯಿಲನ್ನು ನೋಡಿ ಹೆಸರುಗಳನ್ನು ಬದಲಾಯಿಸಿ ಬರೆದುಕೊಂಡರೆ ನಿಂತೀತೆ?

ಮೈಸೂರು ಸೀಮೆಯಲ್ಲಿ ಹಿಂದೂ ಮನೆತನಗಳ ಉಯಿಲಿಗೆ, ಆ ಮೂರು ನಗರಗಳಲ್ಲಿ ಬಹುಕಾಲವಿದ್ದಂತೆ, ಪ್ರೊಬೇಟು ಕಡ್ಡಾಯವಾಗಿರಲಿಲ್ಲ. ಆದುದರಿಂದ ಇಲ್ಲಿ ವ್ಯಾಜ್ಯಗಳು ಹೆಚ್ಚಾಗಿ ಸಾಧಾರಣ ಸಿವಿಲ್ ದಾವೆಗಳಾಗಿಯೇ ಹುಟ್ಟುತ್ತ ಬಂದಿವೆ. ಅವುಗಳಲ್ಲಿ ಒಂದು ಇಡೀ ಭರತಖಂಡಕ್ಕೆ ಪ್ರಮಾಣವಾಯಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಎಂಬ ಹೆಸರಿನಿಂದ ವಕೀಲರೆಲ್ಲರೂ ಉದಾಹರಿಸುವ ಮೊಕದ್ದಮೆ ಅದು. ೧೯೪೫ರ ಆಗಸ್ಟ್ ೨೨ನೆಯ ತಾರೀಖಿನಂದು ಒಬ್ಬ ವೃದ್ಧೆ ಬರೆಸಿದರೆನ್ನಲಾದ ಉಯಿಲು ಅದರ ಮೂಲ. ಉಯಿಲಿನ ನಿರ್ವಾಹಕರೊಬ್ಬರು ಅದನ್ನು ಸ್ಥಾಪಿಸಬೇಕೆಂದು ದಾವಾ ಹೂಡಿದರು. ಕೆಳಗಿನ ಕೋರ್ಟು ಉಯಿಲನ್ನು ಎತ್ತಿಹಿಡಿಯಿತು. ಮೈಸೂರು ಹೈಕೋರ್ಟು ತಳ್ಳಿಹಾಕಿತು. ಅಪೀಲು ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಯಿತು. ೧೯೫೮ರ ನವೆಂಬರ್ ೧೩ರಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ತೀರ್ಪು ಹೈಕೋರ್ಟಿನ ಅಭಿಪ್ರಾಯವನ್ನೇ ಸ್ಥಿರಪಡಿಸಿತು. ಕಾಗದಕ್ಕೆ ಮಸಿ ಬಿದ್ದು ಹದಿಮೂರು ವರ್ಷಗಳಾಗಿದ್ದುವು.

ಉಯಿಲು ಬಿದ್ದುಹೋದುದು ಏತಕ್ಕೆ? ಅದನ್ನು ಕೋರ್ಟಿನ ಮುಂದಿಟ್ಟವರೇ ಅದರ ತಯಾರಿಕೆಯಲ್ಲಿಯೂ ಮುಂದಾಗಿ ನಿಂತಿದ್ದರು. ಅದರಿಂದ ಅವರ ಮಕ್ಕಳಿಗೆ ಗಣ್ಯವಾದ ಲಾಭವಿತ್ತು. ಇಂಥಲ್ಲಿ ಎರಡು ಸಾಕ್ಷಿಗಳ ರುಜು ಇದ್ದ ಮಾತ್ರಕ್ಕೆ ಸಾಲದು, ನ್ಯಾಯಾಧೀಶರ ಮನಸ್ಸಿನ ಸಂಶಯವು ಪೂರ್ತಿಯಾಗಿ ನೀಗಬೇಕು, ನೀಗಿಸುವ ಭಾರ ಉಯಿಲನ್ನು ತಂದವರ ಮೇಲೆಯೇ ಇರುವುದು ಎಂದು ತೀರ್ಪು ಹೇಳಿತು. ನಡುಗಿದ ರುಜು, ದುರ್ಬಲವಾದ ಬುದ್ಧಿ, ಕಾರಣವಿಲ್ಲದೆ ಹತ್ತಿರದವರನ್ನು ಬಿಟ್ಟ ಹಂಚಿಕೆ, ಲಾಭ ಪಡೆಯುವವನೇ ಮುಂದಾಳಾಗಿ ಬರೆಸಿದುದು ಇವೆಲ್ಲ ಸಂಶಯದ ಲಕ್ಷಣಗಳು. ಆದರೆ ಸಂಶಯ ನೀಗಿದರೆ ಹತ್ತಿರದ ಬಂಧುಗಳಿಗೆ ಕಾಸೂ ಇಡದ ಉಯಿಲನ್ನಾದರೂ ಕೋರ್ಟು ನಡೆಸಿಕೊಡಬೇಕೆಂದೂ ಅದೇ ತೀರ್ಪಿನಲ್ಲಿದೆ. ಈ ಎರಡನೆಯ ಮಾತನ್ನು ಹಲವರು ಮರೆಯುತ್ತಾರೆ. ಆ ಕಾಗದವನ್ನು ಲಾಭದ ಸಂಬಂಧವೇ ಇಲ್ಲದ ಒಬ್ಬ ವಕೀಲರು, ಆ ವೃದ್ಧೆಯೊಡನೆ ಪ್ರತ್ಯೇಕವಾಗಿ ಕುಳಿತು, ಅವರ ಬಾಯಿಂದಲೇ ಕೇಳಿ ಬರೆದಿದ್ದರೆ ಈ ಪ್ರಶ್ನೆಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲವೆಂದು ನಮಗೆ ತೋರುತ್ತದೆ.

ವಕೀಲರೇ ಲಾಭ ಪಡೆಯುವವರಾದರೆ? ಈ ಪ್ರಶ್ನೆ ೧೮೩೮ರಷ್ಟು ಹಿಂದೆಯೇ ಪ್ರೀವಿ ಕೌನ್ಸಿಲಿಗೆ ಬಂದಿತ್ತು. ಉಯಿಲು ಬರೆದುಕೊಟ್ಟ ವಕೀಲನಿಗೇ ಅದರಲ್ಲಿ ದೊಡ್ಡ ಮೊತ್ತವಿತ್ತು; ನ್ಯಾಯಾಧೀಶರು ಕಣ್ಣಿಗೆ ಎಣ್ಣೆ ಹಾಕಿಕೊಂಡು ಪರೀಕ್ಷಿಸಿ ಕಡೆಗೆ ಆ ಉಯಿಲನ್ನು ಒಪ್ಪಿದರು. ಆದರೆ ಇಂಥಲ್ಲಿ ಸಂಶಯಪಡುವುದೇ ಕೋರ್ಟಿನ ಕರ್ತವ್ಯವೆಂದು ಅವರು ಹೇಳಿದ ಮಾತು ಉಳಿಯಿತು. ನೂರಿಪ್ಪತ್ತು ವರ್ಷಗಳ ಮೇಲೆ, ಮೈಸೂರಿನ ಉಯಿಲು ದೆಹಲಿಯಲ್ಲಿ ತೀರ್ಮಾನವಾದ ಮುಂದಿನ ತಿಂಗಳಲ್ಲಿಯೇ, ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಸಭೆಯು ಅದೇ ಮಾತನ್ನು ಇನ್ನೊಂದು ವ್ಯಾಜ್ಯದಲ್ಲಿ ಎತ್ತಿಹಿಡಿಯಿತು. ಆ ಕಥೆ ಸ್ವಾರಸ್ಯವಾದುದು.

ಲೌಕಿಕ ವ್ಯವಹಾರವನ್ನರಿಯದ ಒಬ್ಬ ಅವಿವಾಹಿತ ವೃದ್ಧೆಯು ಒಂದು ಲಕ್ಷ ಪೌಂಡಿಗೆ ಮೀರಿದ ಆಸ್ತಿಯನ್ನು ಬಿಟ್ಟು ತೀರಿಕೊಂಡಿದ್ದಳು. ಅವಳ ಉಯಿಲನ್ನು ಬರೆದವನು ಅವಳ ವಕೀಲ. ಹಲವರಿಗೆ ಸಣ್ಣ ಸಣ್ಣ ಭಾಗಗಳನ್ನು ಕೊಟ್ಟ ಮೇಲೆ ಮಿಕ್ಕುದೆಲ್ಲವೂ, ಎಂದರೆ ದೊಡ್ಡ ಗಂಟು, ಆ ವಕೀಲನಿಗೇ ಸೇರಬೇಕೆಂದು ಬಹು ಜಟಿಲವಾದ ಮಾತುಗಳಲ್ಲಿ ಅದರಲ್ಲಿ ಬರೆದಿತ್ತು. ಅವಳ ಬಂಧು ಕರ್ನಲ್ ವಿಂಟಲ್ ಎಂಬ ಹಳೆಯ ಸಿಪಾಯಿಗೆ ಇದು ಸಹನೆಯಾಗಲಿಲ್ಲ. ಯಾರೂ ತನ್ನ ಮಾತನ್ನು ಕೇಳಲಿಲ್ಲವೆಂದು ಅವನು ೧೯೫೫ರಲ್ಲಿ ಆ ವಕೀಲನನ್ನು ಉಪಾಯದಿಂದ ಕರೆಸಿ, ಅವನ ಷರಾಯಿಯನ್ನು ಕಳಚಿಸಿ, ಅದಕ್ಕಾಗಿ ಆರು ತಿಂಗಳು ಸೆರೆಮನೆಗೆ ಹೋದನು. ಈ ಕ್ರಮವನ್ನು ನಮ್ಮ ವಾಚಕರು ಅನುಸರಿಸತಕ್ಕದ್ದಲ್ಲ. ಬಿಡುಗಡೆಯಾದ ಮೇಲೆ ಕ್ರಮವಾಗಿ ವ್ಯಾಜ್ಯ ನಡೆಸಿ, ಕೆಳಗಿನ ಎರಡು ಕೋರ್ಟುಗಳಲ್ಲಿಯೂ ಸೋತು, ಕಡೆಗೆ ವಕೀಲರನ್ನಿಡದೆ ಹೌಸ್ ಆಫ್ ಲಾರ್ಡ್ಸಿನಲ್ಲಿ ತಾನೇ ನಿಂತು ವಾದಿಸಿ ೧೯೫೮ರ ಡಿಸೆಂಬರಿನಲ್ಲಿ ಗೆದ್ದನು. ಉಯಿಲಿನ ಉಳಿದ ಭಾಗಗಳು ನಿಂತುವು. ವಕೀಲನಿಗೆ ಗಂಟು ಕೊಟ್ಟ ಭಾಗ ಬಿದ್ದಿತು. ಸ್ವತಂತ್ರನಾದ ಇನ್ನೊಬ್ಬ ವಕೀಲನ ಸಲಹೆಯನ್ನು ಆ ವೃದ್ಧೆ ಪಡೆದಿರಲಿಲ್ಲವೆಂಬುದೇ ಅಲ್ಲಿ ಬಹಳ ಭಾರವಾಗಿ ತೂಗಿತು.

ಇಂಥ ಸ್ವತಂತ್ರ ಸಲಹೆಯ ಮಹತ್ವವನ್ನು ನಮ್ಮ ದೇಶದಲ್ಲಿ ಕಣ್ಣಾರೆ ಕಂಡವರು ಕಾರ್ನೇಲಿಯಾ ಸೊರಾಬ್ಜಿಯವರು. ನಾಸಿಕದಲ್ಲಿ ೧೮೬೬ರಲ್ಲಿ ಹುಟ್ಟಿದ ಈ ಮಹಿಳೆ ೧೮೯೨ರಲ್ಲಿ ಆಕ್ಸ್‌ಫರ್ಡಿನ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತ ಪ್ರಥಮ ಸ್ತ್ರೀ. ಹೆಂಗಸರಿಗೆ ವಕೀಲಿಯ ಸನ್ನದು ದೊರೆಯುತ್ತಿರಲಿಲ್ಲ. ಜಮೀನ್ದಾರರ ವಿಧವೆಯರು ಗೋಷಾದಲ್ಲಿ ಕುಳಿತು, ಪರದೆಯ ಹೊರಗಿನ ಗುಮಾಸ್ತನು ಓದಿದಂತೆ ಕೇಳಿ, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲ ಅದು. ಗಂಡಸು ವಕೀಲನು ಒಳಗೆ ಹೋಗುವಂತಿಲ್ಲ, ಹೆಂಗಸು ವಕೀಲಳಾಗುವಂತಿಲ್ಲ. ೧೯೦೪ರಿಂದ ೧೯೨೨ರ ವರೆಗೆ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಸೊರಾಬ್ಜಿಯವರು ಇಂಥ ಮನೆಗಳ ಒಳಗೆ ಹೋಗಿ, ಪರದೆಯ ಹಿಂದಿನ ಮಾತನ್ನು ಹೊರಕ್ಕೆ ತಂದರು. ಹೆಂಗಸರು ವಕೀಲರಾಗಬಹುದೆಂಬ ಕಾಯಿದೆ ಬಂದುದು ೧೯೨೩ರಲ್ಲಿ. ಆಗ ಅವರ ವಯಸ್ಸು ಐವತ್ತು ದಾಟಿತ್ತು. ಗೋಷಾ ಹೆಂಗಸಿನಿಂದ ಕಾಗದ ಬರೆಸಿಕೊಂಡವರು, ಆಕೆಗೆ ಅದರ ಅರ್ಥ ತಿಳಿದಿತ್ತೆಂದು ತಾವೇ ರುಜುವಾತುಪಡಿಸಬೇಕೆಂಬ ಕಟ್ಟಳೆಯನ್ನು ಕೋರ್ಟುಗಳೂ ಹಿಡಿದುಕೊಂಡು ಬಂದಿವೆ.

ಗೋಷಾ ಇಲ್ಲದ ನಮ್ಮ ಮನೆಗಳಲ್ಲಿ ಪರದೆಯೇ ಇಲ್ಲವೆನ್ನೋಣವೆ? ತಂದೆ ತೀರಿಕೊಂಡ ಮೇಲೆ ಅಣ್ಣನು ನಿರ್ವಾಹಕನಾಗಿ ವಕೀಲರನ್ನಿಡುತ್ತಾನೆ. ಮದುವೆಯಾಗಿ ಹೋದ ತಂಗಿಯನ್ನು ಕರೆಸಿ, 'ಇಲ್ಲೊಂದು ರುಜು ಹಾಕಮ್ಮ, ನಿನಗೆ ಬೇರೆ ವಕೀಲರೇಕೆ? ಇವರು ನಮ್ಮ ಮನೆಯ ವಕೀಲರೇ ಅಲ್ಲವೆ?' ಎನ್ನುತ್ತಾನೆ. ಅಣ್ಣನ ಮಾತಿನಲ್ಲಿ ಮೋಸವಿಲ್ಲದೆ ಇರಬಹುದು. ಆದರೆ ಆ ವಕೀಲರು ಅಣ್ಣನ ವಕೀಲರು. ಉಯಿಲನ್ನು ಗೆಲ್ಲಿಸುವುದು ಅವರ ಕೆಲಸ. ತಂಗಿಯು ತನಗೆ ತಕರಾರಿಲ್ಲವೆಂದು ಬರೆದುಕೊಟ್ಟ ಕಾಗದವನ್ನು ಅವರು ಕೋರ್ಟಿಗೆ ಸಲ್ಲಿಸಿದರೆ ತಮ್ಮ ಧರ್ಮವನ್ನೇ ನಡೆಸಿದಂತಾಯಿತು. ಅದರ ಅರ್ಥವನ್ನು ತಂಗಿಗೆ ಹೇಳತಕ್ಕವರು ಬೇರೊಬ್ಬರು. ಸಂಶಯವಿದ್ದರೆ ಆಕೆ ಜಿಲ್ಲಾ ಕೋರ್ಟಿನಲ್ಲಿ ಕೇವಿಯಟ್ಟೆಂಬ ತಡೆಯರ್ಜಿಯನ್ನು ಹಾಕಬಹುದು. ಹಾಕಿದ ಮೇಲೆ ಆಕೆಗೆ ತಿಳಿಸದೆ ಪ್ರೊಬೇಟು ಮುಂದೆ ಹೋಗುವುದಿಲ್ಲ. ತಕರಾರು ನಿಂತಿತೆಂದರೆ ಅರ್ಜಿಯು ಸಾಧಾರಣ ದಾವೆಯಂತೆಯೇ ನಡೆಯುತ್ತದೆ. ಉಯಿಲನ್ನು ತಂದವರು ವಾದಿಗಳು, ತಡೆದವರು ಪ್ರತಿವಾದಿಗಳು. ಉಯಿಲಿಗೆ ರುಜು ಹಾಕಿದ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರನ್ನಾದರೂ ಕೋರ್ಟಿಗೆ ಕರೆಸಿ ನುಡಿಸಬೇಕು. ೧೮೭೨ರ ಕಾಯಿದೆಯಲ್ಲಿದ್ದ ಈ ವಿಧಿಯನ್ನು ೨೦೨೪ರ ಜುಲೈ ೧ರಿಂದ ನಡೆಯುತ್ತಿರುವ ಹೊಸ ಸಾಕ್ಷ್ಯ ಕಾಯಿದೆಯೂ ಉಳಿಸಿಕೊಂಡಿದೆ.

ಇಲ್ಲಿಯೇ ಒಂದು ತೊಡಕನ್ನು ಹೇಳಬೇಕು. ಉಯಿಲನ್ನು ಬರೆದುಕೊಟ್ಟ ವಕೀಲರನ್ನೇ ಸಾಕ್ಷಿಯಾಗಿಯೂ ರುಜು ಹಾಕಿಸುವ ವಾಡಿಕೆ ನಮ್ಮಲ್ಲಿ ಬಹಳ. ಅದು ತಪ್ಪೇನಲ್ಲ, ಅವರಿಗಿಂತ ಒಳ್ಳೆಯ ಸಾಕ್ಷಿ ಸಿಕ್ಕುವುದೂ ಕಷ್ಟ. ಆದರೆ ಮುಂದೆ ವ್ಯಾಜ್ಯವಾದರೆ ಅವರು ಸಾಕ್ಷಿಕಟ್ಟೆಗೆ ಹತ್ತಬೇಕು. ತಾನು ಸಾಕ್ಷಿಯಾಗುವ ಸಂಭವವುಳ್ಳ ಮೊಕದ್ದಮೆಯನ್ನು ವಕೀಲನು ವಹಿಸಿಕೊಳ್ಳಕೂಡದೆಂದು ಬಾರ್ ಕೌನ್ಸಿಲಿನ ನಿಯಮವಿದೆ. ಅಪ್ಪನ ಕಾಲದಿಂದ ಎಲ್ಲವನ್ನೂ ಬಲ್ಲ ವಕೀಲರನ್ನೇ ಇಟ್ಟುಕೊಳ್ಳುತ್ತೇವೆಂದು ಹೊರಟ ಮಕ್ಕಳಿಗೆ ಆಗ ಬೇರೆಯವರನ್ನು ಹುಡುಕಬೇಕಾಗುವುದು. ಒಂದು ಪಕ್ಷಕ್ಕೆ ಸಲಹೆ ಕೊಟ್ಟವರು ಅದೇ ವ್ಯಾಜ್ಯದಲ್ಲಿ ಎದುರು ಪಕ್ಷವನ್ನು ಹಿಡಿಯಕೂಡದು. ಗೆದ್ದ ಆಸ್ತಿಯಲ್ಲಿ ಇಷ್ಟು ಪಾಲೆಂದು ಫೀಸಿನ ಕರಾರು ಮಾಡಿಕೊಳ್ಳುವುದೂ ನಿಷಿದ್ಧ. ಈಗ ಹಣ ಬೇಡ, ಬಂದಾಗ ಕಾಲು ಭಾಗ ಕೊಡಿ ಎಂದು ಯಾರಾದರೂ ಹೇಳಿದರೆ ಅದನ್ನು ಔದಾರ್ಯವೆಂದು ತಿಳಿಯದೆ ಎದ್ದುಬರುವುದು ಒಳ್ಳೆಯದು.

ಖರ್ಚಿನ ವಿಷಯದಲ್ಲಿ ೧೯೨೫ರ ಕಾಯಿದೆಯು ಒಂದು ಸರದಿಯನ್ನು ಹಾಕಿದೆ. ಮೃತರ ಆಸ್ತಿಯಿಂದ ಮೊದಲು ಹೋಗತಕ್ಕದ್ದು ಉತ್ತರಕ್ರಿಯೆಯ ಯುಕ್ತವಾದ ವೆಚ್ಚವೂ ಕಡೆಯ ಕಾಯಿಲೆಯ ವೆಚ್ಚವೂ. ಎರಡನೆಯದು ಪ್ರೊಬೇಟು ಪಡೆಯುವ ಖರ್ಚು, ಮತ್ತು ಆಸ್ತಿಯ ಆಡಳಿತಕ್ಕೆ ಅವಶ್ಯವಾದ ಕೋರ್ಟಿನ ನಡವಳಿಕೆಗಳ ಖರ್ಚು. ಮೂರನೆಯದು ಆಳುಕಾಳುಗಳಿಗೆ ಕಡೆಯ ಮೂರು ತಿಂಗಳಲ್ಲಿ ನಿಂತ ಸಂಬಳ. ಆಮೇಲೆ ಉಳಿದ ಸಾಲಗಾರರು. ಉಯಿಲಿನಲ್ಲಿ ಹೆಸರುಳ್ಳ ಹೆಂಡತಿ ಮಕ್ಕಳು ಇವರೆಲ್ಲರ ಹಿಂದೆ ನಿಂತಿದ್ದಾರೆ. ವ್ಯಾಜ್ಯ ಬೆಳೆದಷ್ಟೂ ಎರಡನೆಯ ಮೆಟ್ಟಿಲು ಅಗಲವಾಗುತ್ತದೆ. ಆದಕಾರಣ ನಿರ್ವಾಹಕನು ನಡೆಸುವ ಖರ್ಚಿನ ಲೆಕ್ಕವನ್ನು ಕೇಳುವ ಅಧಿಕಾರ ಭಾಗಸ್ಥರಿಗೆ ಉಂಟೆಂಬುದನ್ನು ಮರೆಯಬಾರದು. ಪ್ರೊಬೇಟು ಪಡೆದ ನಿರ್ವಾಹಕನು ಆರು ತಿಂಗಳೊಳಗಾಗಿ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗಾಗಿ ಲೆಕ್ಕವನ್ನೂ ಕೋರ್ಟಿಗೆ ಒಪ್ಪಿಸಬೇಕೆಂದು ವಿಧಿಯಿದೆ. ಕೇಳುವವರಿಲ್ಲದ ಮನೆಗಳಲ್ಲಿ ಇದು ತಡವಾಗುತ್ತಲೇ ಹೋಗುತ್ತದೆ.

ಸ್ವಂತ ವಕೀಲರನ್ನಿಡಲು ಶಕ್ತಿಯಿಲ್ಲದವರಿಗೆ ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ದಾರಿ ಮಾಡಿದೆ. ಜಿಲ್ಲಾ ಕೇಂದ್ರಗಳಲ್ಲಿ ಇದರ ಪ್ರಾಧಿಕಾರವೂ ತಾಲ್ಲೂಕುಗಳಲ್ಲಿ ಸಮಿತಿಯೂ ಇರುವುವು. ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕು ಅದರಲ್ಲಿದೆ. ತವರಿನವರ ಮೇಲೆ ವ್ಯಾಜ್ಯವೆಂದರೆ ಗಂಡನ ಮನೆಯಲ್ಲಿ ಹಣ ಕೇಳಲು ನಾಚುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ತಿಳಿದಿರಬೇಕು. ವ್ಯಾಜ್ಯವೇ ಬೇಡವೆನ್ನುವವರಿಗೆ ಅದೇ ಪ್ರಾಧಿಕಾರದ ಲೋಕ ಅದಾಲತ್ತಿನಲ್ಲಿಯೂ, ಬೆಂಗಳೂರಿನಲ್ಲಿ ೨೦೦೭ರಿಂದ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿಯೂ ಸಂಧಿಗೆ ಅವಕಾಶವಿದೆ. ಅಲ್ಲಿಗೆ ಹೋಗುವಾಗಲೂ ತನ್ನ ಪರವಾಗಿ ಮಾತನಾಡಬಲ್ಲ ಒಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುವುದು ವಿವೇಕ.

ಇಟ್ಟ ವಕೀಲರಲ್ಲಿ ನಂಬಿಗೆ ತಪ್ಪಿದರೆ ಬದಲಾಯಿಸಬಹುದೆ ಎಂದು ಕೇಳುವವರು ಬಹಳ ಮಂದಿ. ಧಾರಾಳವಾಗಿ ಬದಲಾಯಿಸಬಹುದು. ಫೀಸಿನ ಬಾಕಿಗಾಗಿ ಕಕ್ಷಿಗಾರನ ಕಡತವನ್ನು ಒತ್ತೆಯಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟು ೨೦೦೦ದಲ್ಲಿ ತೀರ್ಮಾನಿಸಿದೆ. ಬಾಕಿಯನ್ನು ಅವರು ಬೇರೆಯಾಗಿ ವಸೂಲು ಮಾಡಿಕೊಳ್ಳಬೇಕು, ಕಾಗದಗಳನ್ನು ಹಿಂದಿರುಗಿಸಬೇಕು. ಆದರೂ ಮೂಲ ಉಯಿಲನ್ನು ಯಾರ ಕೈಯಲ್ಲಿಯೂ ಬಿಡದೆ ಭದ್ರಪಡಿಸುವ ಇನ್ನೊಂದು ಉಪಾಯವುಂಟು. ೧೯೦೮ರ ರಿಜಿಸ್ಟ್ರೇಷನ್ ಕಾಯಿದೆಯಂತೆ, ಬರೆದವರು ತಮ್ಮ ಉಯಿಲನ್ನು ಲಕೋಟೆಯಲ್ಲಿಟ್ಟು ಅರಗಿನ ಮೊಹರು ಮಾಡಿ, ಮೇಲೆ ತಮ್ಮ ಹೆಸರನ್ನು ಬರೆದು, ಜಿಲ್ಲಾ ರಿಜಿಸ್ಟ್ರಾರರ ವಶಕ್ಕೆ ಕೊಡಬಹುದು. ರಿಜಿಸ್ಟ್ರಾರರು ಅದನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿಡುತ್ತಾರೆ. ಬರೆದವರು ಬದುಕಿರುವ ವರೆಗೆ ಅವರ ಹೊರತು ಮತ್ತಾರೂ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಕಾಲವಾದ ಮೇಲೆ ಯಾರಾದರೂ ಅರ್ಜಿ ಕೊಟ್ಟರೆ, ಅವರ ಎದುರಿನಲ್ಲಿಯೇ ಲಕೋಟೆಯನ್ನು ಒಡೆದು, ಅವರ ಖರ್ಚಿನಿಂದ ರಿಜಿಸ್ಟರಿನಲ್ಲಿ ನಕಲು ಮಾಡಿಸಿ, ಮೂಲವನ್ನು ಮತ್ತೆ ಪೆಟ್ಟಿಗೆಯಲ್ಲಿಯೇ ಇಡುತ್ತಾರೆ.